ಗೋಳಗುಮ್ಮಟದ ಮುಂದೆ: ವೈಡ್ ಲೆನ್ಸೋ, 35 ಎಂಎಂ ಲೆನ್ಸೋ?

ವಿಜಯಪುರದಲ್ಲಿ ಫೋಟೊ ತೆಗೆಯೋಕೆ ಯಾವ ಲೆನ್ಸ್ ಅಂತ ಯಾರಾದರೂ ಕೇಳಿದರೆ ನನ್ನದು ಒಂದೇ ಮಾತು: 35 ಎಂಎಂ (ವೈಡ್‌ಗಿಂತ ಕಿರಿದಾದ ನೋಟದ ಲೆನ್ಸ್) ಹಾಕಿ, ಹಿಂದಕ್ಕೆ ನಡೆಯಿರಿ. ಸೆಕೆಂಡ್ ಹ್ಯಾಂಡ್‌ನಲ್ಲಿ ಇದನ್ನು ಕೊಂಡಿದ್ದು ಸಾರ್ಥಕ ಆಯಿತು. ಗೆಳೆಯನ 10-18 ಎಂಎಂ ವೈಡ್ ಲೆನ್ಸ್ (ತುಂಬಾ ಅಗಲದ ನೋಟ ಹಿಡಿಯೋದು) ಇಸ್ಕೊಂಡು ಅದೇ ಜಾಗಗಳಲ್ಲಿ ತೆಗೆದು ನೋಡಿದ ಮೇಲೇ ಹೇಳ್ತಿದ್ದೇನೆ. ಕ್ಯಾಮೆರಾ ಕ್ರಾಪ್ ಸೆನ್ಸರಿನದು, ಅಂದರೆ ಫುಲ್‌ಫ್ರೇಮ್‌ಗಿಂತ ಚಿಕ್ಕ ಸೆನ್ಸರ್, ಹಾಗಾಗಿ ನೋಟ ಇನ್ನೂ ಸ್ವಲ್ಪ ಕಿರಿದಾಗುತ್ತೆ.

ವೈಡ್ ಲೆನ್ಸ್ ಇದ್ದರೆ ಎಲ್ಲರೂ ಕಟ್ಟಡದ ಹತ್ತಿರ ಹೋಗಿ, ಕೂತು, ಕ್ಯಾಮೆರಾ ಮೇಲಕ್ಕೆತ್ತುತ್ತಾರೆ. ಸೆನ್ಸರ್ ಗೋಡೆಗೆ ನೇರವಾಗಿ ಇಲ್ಲದೆ ಓರೆಯಾದ ಕೂಡಲೇ ಮೂಲೆಯ ಏಳಂತಸ್ತಿನ ಮಿನಾರುಗಳು ಒಳಕ್ಕೆ ವಾಲುತ್ತವೆ. ಇಡೀ ಕಟ್ಟಡ ಹಿಂದಕ್ಕೆ ಬೀಳ್ತಾ ಇದೆ ಅನಿಸುತ್ತೆ. ಆಮೇಲೆ ಎಡಿಟಿಂಗ್‌ನಲ್ಲಿ ನೆಟ್ಟಗೆ ಮಾಡಬಹುದು, ಆದರೆ ಅಂಚುಗಳು ಕತ್ತರಿಸಿ ಹೋಗುತ್ತವೆ.

ಅದನ್ನಾದರೂ ಸಹಿಸಬಹುದು. ಸಹಿಸಲಾಗದ್ದು ಗುಮ್ಮಟವೇ ಕಾಣೆಯಾಗೋದು. ಗುಮ್ಮಟದ ಬುಡದಲ್ಲಿ ಸುತ್ತಲೂ ಕಮಲದ ಎಸಳುಗಳಿವೆ ಅಲ್ವಾ? ಗೋಡೆಗೆ ಹತ್ತಿರ ಹೋದಷ್ಟೂ ಮೊದಲು ಆ ಎಸಳುಗಳು ಮೇಲಿನ ಅಂಚಿನ ಹಿಂದೆ ಮರೆಯಾಗುತ್ತವೆ. ಇನ್ನಷ್ಟು ಮುಂದೆ ಹೋದರೆ ಗುಮ್ಮಟವೂ ಮುಳುಗುತ್ತಾ ಬರುತ್ತದೆ. ಸುಮಾರು 44 ಮೀಟರ್ ಅಗಲದ ಗುಮ್ಮಟ ಇರೋ ಕಟ್ಟಡದಲ್ಲಿ ಬರೀ ಗೋಡೆ ಸಿಕ್ಕರೆ ಏನು ಬಂತು? ಇದನ್ನು ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ಏನು ಕಾಣುತ್ತೆ, ಏನು ಮರೆಯಾಗುತ್ತೆ ಅನ್ನೋದು ನಾವು ನಿಂತ ಜಾಗದ ಮೇಲೆ ಹೋಗುತ್ತೆ, ಲೆನ್ಸಿನ ಮೇಲಲ್ಲ. ವೈಡ್ ನಮ್ಮನ್ನು ಹತ್ತಿರಕ್ಕೆ ಎಳೆಯುತ್ತೆ, 35 ಎಂಎಂ ದೂರ ನಿಲ್ಲಿಸುತ್ತೆ.

ದೂರ ನಿಂತು ಕ್ಯಾಮೆರಾ ಉದ್ದಕ್ಕೆ (ಪೋರ್ಟ್ರೇಟ್ ಆಗಿ) ಹಿಡಿದರೆ ಮೇಲೆತ್ತೋದು ಸ್ವಲ್ಪವೇ ಸಾಕು, ಮಿನಾರು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತವೆ. ಕೆಳಗೆ ಜಾಸ್ತಿ ನೆಲ ಬರುತ್ತೆ. ಬರಲಿ, ಕಣ್ಣನ್ನು ಒಳಗೆ ಕರೆದುಕೊಂಡು ಹೋಗೋಕೆ ಕಾಲುದಾರಿ ಇದೆ. ಸಂಜೆ ಬಿಸಿಲು ಎಡಗಡೆಯಿಂದ ಬಿದ್ದಾಗ ಗುಮ್ಮಟದ ಗುಂಡು ಆಕಾರ ಎದ್ದು ಕಾಣುತ್ತೆ.

ನಾನು ಹೆಚ್ಚಾಗಿ ತೆಗೆಯೋದು ಊರಿಗೆ ಬಂದ ನೆಂಟರನ್ನು. ವೈಡ್‌ನಲ್ಲಿ ಅಂಚಿಗೆ ನಿಂತ ಅತ್ತೆಯ ಮುಖ ಅಗಲವಾಗುತ್ತೆ, ಹಿಂದಿನ ಗುಮ್ಮಟ ಚಿಕ್ಕದಾಗುತ್ತೆ. 35ರಲ್ಲಿ ಎರಡೂ ಸರಿಯಾದ ಅಳತೆಯಲ್ಲಿ ಇರುತ್ತವೆ.

ಮುಖ್ಯ ವಸ್ತುವನ್ನು ನಡುವೆ ಇಡದೆ ಚಿತ್ರದ ಮೂರನೇ ಒಂದು ಭಾಗದ ಗೆರೆಯಲ್ಲಿ ಇಡಬೇಕು ಅನ್ನೋ ನಿಯಮ ಎದುರಿನಿಂದ ತೆಗೆಯುವಾಗ ಬೇಡ. ಇಷ್ಟು ಸಮವಾಗಿ ಕಟ್ಟಿದ್ದನ್ನು ನಟ್ಟನಡುವೆಯೇ ಇಡಬೇಕು. ಮೂಲೆಯಿಂದ ತೆಗೆದರೆ ಪಕ್ಕಕ್ಕೆ ಸರಿಸಿ.

ವೈಡ್ ಗೆಲ್ಲೋದು ಒಳಗೆ. ನಡುವೆ ನಿಂತು ನೆಟ್ಟಗೆ ಮೇಲಕ್ಕೆ ಹಿಡಿದರೆ ಒಂದರೊಳಗೊಂದು ಹೆಣೆದ ಕಮಾನುಗಳು ಎಂಟು ಮೂಲೆಯ ನಕ್ಷತ್ರವಾಗಿ ಕಾಣುತ್ತವೆ. ಇದೇ ಊರಿನ ಇನ್ನೊಂದು ಸ್ಮಾರಕ ಇಬ್ರಾಹಿಂ ರೋಜಾದಲ್ಲೂ ಅಷ್ಟೇ, ಸಮಾಧಿಗೂ ಮಸೀದಿಗೂ ನಡುವೆ ಹಿಂದಕ್ಕೆ ಸರಿಯೋಕೆ ಹೆಚ್ಚು ಜಾಗ ಇಲ್ಲ.

ಆದರೆ ಅಂಥ ಚಿತ್ರ ನಾನು ತೆಗೆಯೋದು ಅಪರೂಪ. ಅದಕ್ಕೆ ಮೊಬೈಲಿನ 0.5 (ಅಗಲದ ನೋಟದ ಕ್ಯಾಮೆರಾ) ಸಾಕು. ವೈಡ್ ಕೊಳ್ಳದೆ ಉಳಿದ ದುಡ್ಡು ಬಾದಾಮಿ, ಪಟ್ಟದಕಲ್ಲಿನ ಓಡಾಟಕ್ಕೆ ಆಗುತ್ತೆ.