ಬೇಯರ್–ಮೊನ್ಸಾಂಟೊ ವಿಲೀನ: ಸ್ಪರ್ಧಾ ಆಯೋಗದ ಯಾವ ಷರತ್ತು ಹಿಡಿಯಿತು, ಯಾವುದು ಜಾರಿತು

ಬೀಜ ಮತ್ತು ಕೀಟನಾಶಕ ಕಂಪನಿಗಳ ವಿಲೀನಗಳಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅತಿ ಆಳಕ್ಕಿಳಿದು ಪರಿಶೀಲಿಸಿದ್ದು ಜರ್ಮನಿಯ ಬೇಯರ್ ಅಮೆರಿಕದ ಮೊನ್ಸಾಂಟೊವನ್ನು ಕೊಂಡ ಪ್ರಕರಣವನ್ನು. ಒಪ್ಪಂದಕ್ಕೆ ಸಹಿ ಬಿದ್ದದ್ದು 2016ರ ಸೆಪ್ಟೆಂಬರ್‌ನಲ್ಲಿ, ಸಾಲವೂ ಸೇರಿ ಸುಮಾರು 6,600 ಕೋಟಿ ಡಾಲರ್‌ಗೆ. ಆಯೋಗದ ಮುಂದೆ ಅರ್ಜಿ ಬಂದದ್ದು 2017ರ ಆಗಸ್ಟ್‌ನಲ್ಲಿ. ವಿವರವಾದ ಆದೇಶದ ದಿನಾಂಕ 2018ರ ಜೂನ್ 14. ಷರತ್ತುಗಳಲ್ಲಿ ಹಲವಕ್ಕೆ ವಿಧಿಸಿದ್ದ 7 ವರ್ಷಗಳ ಅವಧಿ 2025ರಲ್ಲಿ ಮುಗಿದಿದೆ. ಹಾಗಾಗಿ ಆ ಆದೇಶದಿಂದ ರೈತನಿಗೆ ದಕ್ಕಿದ್ದೇನು ಎಂದು ಲೆಕ್ಕ ಹಾಕಲು ಇದು ಸರಿಯಾದ ಹೊತ್ತು.

ಷರತ್ತುಗಳು ಎರಡು ಬಗೆಯವು. ಆಸ್ತಿಯನ್ನೇ ಮಾರಿ ಕೈತೊಳೆದುಕೊಳ್ಳಿ ಎನ್ನುವುದು ಒಂದು. ಇನ್ನು ಮುಂದೆ ಹೀಗೆ ನಡೆದುಕೊಳ್ಳುತ್ತೇವೆ ಎಂದು ಬರೆದುಕೊಡಿ ಎನ್ನುವುದು ಇನ್ನೊಂದು. ಮೊದಲನೆಯ ಬಗೆ ಕೆಲಸ ಮಾಡಿದೆ, ಎರಡನೆಯದು ಬಹುಮಟ್ಟಿಗೆ ಕಾಗದದಲ್ಲೇ ಉಳಿದಿದೆ ಎಂಬುದು ನಮ್ಮ ಅಭಿಪ್ರಾಯ.

ತರಕಾರಿ ಬೀಜದಿಂದಲೇ ಶುರು ಮಾಡೋಣ. ಕೋಲಾರ, ಚಿಕ್ಕಬಳ್ಳಾಪುರದ ಟೊಮೆಟೊ ಬೆಳೆಗಾರರಿಗೆ ಗೊತ್ತಿರುವ ‘ಅಭಿಲಾಷ್’ ತಳಿ ಸೆಮಿನಿಸ್‌ನದು, ‘ಲಕ್ಷ್ಮಿ’ ನುನ್‌ಹೆಮ್ಸ್‌ನದು. ಸೆಮಿನಿಸ್ ಇದ್ದದ್ದು ಮೊನ್ಸಾಂಟೊ ಕೈಯಲ್ಲಿ, ನುನ್‌ಹೆಮ್ಸ್ ಇದ್ದದ್ದು ಬೇಯರ್ ಕೈಯಲ್ಲಿ. ವಿಲೀನವನ್ನು ಹಾಗೇ ಬಿಟ್ಟಿದ್ದರೆ ಅಂಗಡಿಯ ಕಪಾಟಿನಲ್ಲಿ ಪಕ್ಕಪಕ್ಕ ನಿಂತು ಸೆಣಸುವ ಎರಡು ಪಾಕೀಟುಗಳ ದರವನ್ನು ಒಂದೇ ಕಚೇರಿ ನಿಗದಿ ಮಾಡುತ್ತಿತ್ತು. ಬೇಯರ್ ತನ್ನ ತರಕಾರಿ ಬೀಜದ ವ್ಯವಹಾರವನ್ನು ಬಿಟ್ಟುಕೊಡಬೇಕೆಂದು ಆಯೋಗ ಹೇಳಿತು. ಯುರೋಪ್ ಮತ್ತು ಅಮೆರಿಕದ ನಿಯಂತ್ರಕರೂ ಅದನ್ನೇ ಕೇಳಿದ್ದರು. ನುನ್‌ಹೆಮ್ಸ್ ಜರ್ಮನಿಯದೇ ಇನ್ನೊಂದು ಕಂಪನಿ ಬಿಎಎಸ್‌ಎಫ್ ಪಾಲಾಯಿತು. ತಳಿ, ಸಂಶೋಧನೆ, ಸಿಬ್ಬಂದಿ, ಬ್ರ್ಯಾಂಡ್ ಎಲ್ಲವೂ ಒಟ್ಟಿಗೆ ಹೋದದ್ದರಿಂದ ಕೊಂಡವರಿಗೆ ಮರುದಿನದಿಂದಲೇ ಸ್ಪರ್ಧೆಗಿಳಿಯುವುದು ಸಾಧ್ಯವಾಯಿತು. ಬ್ರ್ಯಾಂಡ್ ಒಂದನ್ನೇ ಕೊಟ್ಟು ಮೂಲ ತಳಿಗಳನ್ನು, ಅಂದರೆ ಗಂಡು–ಹೆಣ್ಣು ಸಾಲುಗಳನ್ನು, ಇಟ್ಟುಕೊಳ್ಳಲು ಬಿಟ್ಟಿದ್ದರೆ ಕೊಂಡವರು ಎರಡೇ ಹಂಗಾಮಿನಲ್ಲಿ ಕೈಚೆಲ್ಲಬೇಕಾಗುತ್ತಿತ್ತು. ಬೀಜೋದ್ಯಮದಲ್ಲಿ ಆಸ್ತಿ ಮಾರಾಟದ ಷರತ್ತು ಸಾಮಾನ್ಯವಾಗಿ ಕೆಡುವುದು ಇಲ್ಲಿಯೇ.

ಕಳೆನಾಶಕದಲ್ಲೂ ಇದೇ ಜಾಣ್ಮೆ ಕಾಣುತ್ತದೆ. ಸಿಕ್ಕ ಹಸಿರನ್ನೆಲ್ಲ ಸುಡುವ ಕಳೆನಾಶಕಗಳಲ್ಲಿ ಗ್ಲೈಫೋಸೇಟ್ (ರೌಂಡಪ್) ಮೊನ್ಸಾಂಟೊದ್ದಾದರೆ ಗ್ಲುಫೋಸಿನೇಟ್ ಅಮೋನಿಯಂ (ಬಾಸ್ತಾ) ಬೇಯರ್‌ನದು. ಒಂದರ ದರ ಏರಿದರೆ ರೈತ ಇನ್ನೊಂದರ ಕಡೆ ತಿರುಗುತ್ತಾನೆ. ಆ ದಾರಿ ಮುಚ್ಚಬಾರದೆಂದು ಗ್ಲುಫೋಸಿನೇಟ್ ವ್ಯವಹಾರವನ್ನೂ ಮಾರಿಸಲಾಯಿತು. ಜೊತೆಗೆ ಬೇಯರ್‌ನ ಹತ್ತಿ ಮತ್ತು ಮೆಕ್ಕೆಜೋಳದ ಟ್ರೇಟ್ (ಕೀಟ ಅಥವಾ ಕಳೆನಾಶಕ ತಡೆಯುವಂತೆ ಬೀಜಕ್ಕೆ ಸೇರಿಸುವ ವಂಶವಾಹಿ ಗುಣ) ವ್ಯವಹಾರವೂ ಹೋಯಿತು.

ಈ ಟ್ರೇಟ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರುಕಟ್ಟೆ ಎಷ್ಟು ಕೆಲವರ ಕೈಯಲ್ಲಿದೆ ಎಂದು ಅಳೆಯಲು ನಿಯಂತ್ರಕರು ಎಚ್‌ಎಚ್‌ಐ ಸೂಚ್ಯಂಕ ಬಳಸುತ್ತಾರೆ. ಪ್ರತಿ ಕಂಪನಿಯ ಶೇಕಡಾ ಪಾಲಿನ ವರ್ಗ ಮಾಡಿ ಕೂಡಿಸಬೇಕು, ಅಷ್ಟೇ. ಉದಾಹರಣೆಗೆ ಶೇ 30 ಪಾಲಿನ ಕಂಪನಿ ಶೇ 20 ಪಾಲಿನದನ್ನು ಕೊಂಡರೆ, ಮೊದಲು 900 ಮತ್ತು 400 ಸೇರಿ 1,300 ಇದ್ದದ್ದು 2,500 ಆಗುತ್ತದೆ. ಈ 1,200ರ ಏರಿಕೆ ಎಂಥವರನ್ನೂ ಎಚ್ಚರಿಸುತ್ತದೆ. ಆದರೆ ನಮ್ಮ ಬಿಟಿ ಹತ್ತಿಯ ಟ್ರೇಟ್ ಮಾರುಕಟ್ಟೆಯಲ್ಲಿ ಮೊನ್ಸಾಂಟೊ ಆಗಲೇ ಏಕಮೇವ ಎನ್ನುವಷ್ಟು ದೊಡ್ಡದು. ಬೇಯರ್ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ, ಮುಂದೆ ಬರಬಹುದಾಗಿದ್ದ ಸ್ಪರ್ಧಿ ಅದು. ಅಂಥ ಸ್ಪರ್ಧಿ ಅಳಿದುಹೋದರೆ ಸೂಚ್ಯಂಕ ಕದಲುವುದಿಲ್ಲ. ಅಂಕಿಯಾಚೆ ನೋಡಿದ್ದಕ್ಕೆ ಆಯೋಗಕ್ಕೆ ಪೂರ್ಣ ಅಂಕ ಕೊಡಲೇಬೇಕು.

ಭಾರತದ ಬೀಜ ಕಂಪನಿ ಮಹಿಕೋದಲ್ಲಿ ಮೊನ್ಸಾಂಟೊಗೆ ಇದ್ದ ಶೇ 26 ಷೇರನ್ನೂ ಬಿಡಬೇಕೆಂದು ಆದೇಶ ಹೇಳಿತು. ಟ್ರೇಟ್ ಪರವಾನಗಿ ಕೊಡುವವರೇ ಪರವಾನಗಿ ಪಡೆಯುವ ಒಂದು ಬೀಜ ಕಂಪನಿಯಲ್ಲಿ ಪಾಲುದಾರರಾಗಿದ್ದರೆ ಉಳಿದ ಕಂಪನಿಗಳಿಗೆ ಸಮಾನ ನೆಲ ಎಲ್ಲಿ? ಆದರೆ ಪರವಾನಗಿ ಹಂಚುತ್ತಿದ್ದ ಮಹಿಕೋ ಮೊನ್ಸಾಂಟೊ ಬಯೋಟೆಕ್ ಎಂಬ 50:50 ಜಂಟಿ ಸಂಸ್ಥೆಯನ್ನು ಮುಟ್ಟಲಿಲ್ಲ. ಇದು ಅರ್ಧ ಕೆಲಸ.

ಇನ್ನು ನಡವಳಿಕೆಯ ಷರತ್ತುಗಳು. ಟ್ರೇಟ್‌ಗಳನ್ನು ಕೇಳಿದ ಬೀಜ ಕಂಪನಿಗಳಿಗೆಲ್ಲ ನ್ಯಾಯಯುತ, ಸಮಂಜಸ, ತಾರತಮ್ಯವಿಲ್ಲದ ಕರಾರಿನಲ್ಲಿ ಕೊಡಬೇಕು. ತಮ್ಮದೇ ಕಳೆನಾಶಕ ಬೇಡುವ ಹೊಸ ಟ್ರೇಟ್ ತಂದರೆ ಆ ಕಳೆನಾಶಕವನ್ನೂ ಹಾಗೆಯೇ ಬೇರೆಯವರಿಗೆ ಪರವಾನಗಿ ಮೇಲೆ ಕೊಡಬೇಕು. ಸ್ಪರ್ಧಿಗಳನ್ನು ಹೊರಗಿಡುವ ರೀತಿಯಲ್ಲಿ ಉತ್ಪನ್ನಗಳನ್ನು ಜೋಡಿಸಿ ಮಾರಬಾರದು. ಭಾರತದ ಕೃಷಿ–ಹವಾಮಾನ ದತ್ತಾಂಶವನ್ನು ಸಾರ್ವಜನಿಕ ಹಿತಕ್ಕಾಗಿ ಕೇಂದ್ರ ಸರ್ಕಾರಕ್ಕೂ ಅದರ ಸಂಸ್ಥೆಗಳಿಗೂ ಉಚಿತವಾಗಿ ಕೊಡಬೇಕು. ಓದಲು ಎಲ್ಲವೂ ಚೆನ್ನಾಗಿವೆ.

ನೆಲದ ಮೇಲೆ ಆದದ್ದೇ ಬೇರೆ. ಟ್ರೇಟ್ ಶುಲ್ಕವನ್ನು ಕಟ್ಟಿಹಾಕಿದ್ದು ಸ್ಪರ್ಧಾ ಆಯೋಗವಲ್ಲ, 2015ರ ಡಿಸೆಂಬರ್‌ನ ಹತ್ತಿ ಬೀಜ ಬೆಲೆ ನಿಯಂತ್ರಣ ಆದೇಶ. 450 ಗ್ರಾಂ ಪಾಕೀಟಿಗೆ 163 ರೂಪಾಯಿ ಇದ್ದ ಶುಲ್ಕ 2016ರಲ್ಲಿ 49, 2018ರಲ್ಲಿ 39, 2019ರಲ್ಲಿ 20 ರೂಪಾಯಿಗೆ ಇಳಿದು 2020ರಲ್ಲಿ ಸೊನ್ನೆಯಾಯಿತು. ಅಲ್ಲಿಗೆ ‘ಸಮಂಜಸ ಶುಲ್ಕ’ ಎಂಬ ಷರತ್ತಿಗೆ ಹಳೆಯ ಟ್ರೇಟ್ ಮಟ್ಟಿಗೆ ಕೆಲಸವೇ ಉಳಿಯಲಿಲ್ಲ. ಹೊಸ ಟ್ರೇಟ್ ಬರಬೇಕಲ್ಲ? ಮೊನ್ಸಾಂಟೊದ ಬಿಟಿ ಹತ್ತಿ ಟ್ರೇಟ್ ಬೋಲ್‌ಗಾರ್ಡ್–2ರ ಮುಂದಿನ ಕಳೆನಾಶಕ ನಿರೋಧಕ ಹತ್ತಿಯ ಅರ್ಜಿಯನ್ನು ಮಹಿಕೋ 2016ರಲ್ಲೇ ಹಿಂದಕ್ಕೆ ಪಡೆದಿತ್ತು. ರಾಯಚೂರು, ಯಾದಗಿರಿಯ ರೈತರು ಗುಲಾಬಿ ಕಾಯಿಕೊರಕಕ್ಕೆ ಮಣಿಯುತ್ತಿರುವ ಹಳೆಯ ಬೀಜವನ್ನೇ ಬಿತ್ತುತ್ತ ಏಳು ವರ್ಷ ಕಳೆದರು, ಷರತ್ತು ತೀರಿತು. ಅವಧಿಯನ್ನು ವಿಲೀನದ ದಿನದಿಂದ ಎಣಿಸುವ ಬದಲು ಹೊಸ ಟ್ರೇಟ್ ಮಾರುಕಟ್ಟೆಗೆ ಬಂದ ದಿನದಿಂದ ಎಣಿಸಬೇಕಿತ್ತು. ಇಡೀ ಆದೇಶದಲ್ಲಿ ನಮ್ಮನ್ನು ಅತಿಯಾಗಿ ಕಾಡುವ ಕೊರತೆ ಇದು.

ಯಾಕೆಂದರೆ ಬೇರೆ ಬಾಗಿಲು ಆಮೇಲೆ ಕಿರಿದಾಯಿತು. ಬಿಟಿ ಟ್ರೇಟ್ ಪರವಾನಗಿಯಲ್ಲಿ ಪ್ರಾಬಲ್ಯದ ದುರ್ಬಳಕೆ ಆಗಿದೆಯೇ ಎಂದು ಆಯೋಗ 2016ರಲ್ಲಿ ಬೇರೆಯೇ ತನಿಖೆಗೆ ಆದೇಶಿಸಿತ್ತು. ಪೇಟೆಂಟ್ ಪರವಾನಗಿಯ ವಿಚಾರಕ್ಕೆ ಪೇಟೆಂಟ್ ಕಾಯ್ದೆಯೇ ಅನ್ವಯ ಎಂದು 2023ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಅಂದಮೇಲೆ ಪರವಾನಗಿಯ ಕರಾರನ್ನು ಕಟ್ಟಿಹಾಕಲು ಆಯೋಗಕ್ಕಿರುವ ಗಟ್ಟಿ ಅವಕಾಶ ವಿಲೀನದ ಒಪ್ಪಿಗೆಯ ಹೊತ್ತು.

ಜೋಡಿಸಿ ಮಾರುವುದರ ಮೇಲಿನ ನಿಷೇಧದ್ದು ಇನ್ನೊಂದು ತೊಡಕು. ಗೊಬ್ಬರದಂಗಡಿಯ ‘ಲಿಂಕ್’ ಪದ್ಧತಿ ನಮ್ಮ ರೈತರಿಗೆ ಹೊಸದಲ್ಲ: ಡಿಎಪಿ ಬೇಕಿದ್ದರೆ ಜೊತೆಗೆ ಇದನ್ನೂ ಒಯ್ಯಿ. ಇಂಥ ಒತ್ತಾಯ ಬಿಲ್ಲಿನಲ್ಲಿ ಕಾಣುವುದಿಲ್ಲ. ವಿತರಕರ ರಿಯಾಯಿತಿ ಪಟ್ಟಿಯಲ್ಲಿ, ಉದ್ರಿಯ ಮಿತಿಯಲ್ಲಿ, ವರ್ಷದ ಟಾರ್ಗೆಟ್‌ನಲ್ಲಿ ಅಡಗಿರುತ್ತದೆ. ಆಯೋಗ ಮಾರುಕಟ್ಟೆಯನ್ನು ಇಡೀ ದೇಶದ ಮಟ್ಟದಲ್ಲಿ ಅಳೆಯುತ್ತದೆ, ರೈತ ಕೊಳ್ಳುವುದು ತಾಲ್ಲೂಕಿನ ಎರಡು ಮೂರು ಅಂಗಡಿಗಳಲ್ಲಿ. ಆ ಅಂಗಡಿಗಳ ಕಡತ ನೋಡುವವರಿಲ್ಲದೆ ನಿಷೇಧಕ್ಕೆ ಹಲ್ಲು ಬರುವುದಿಲ್ಲ.

ಮುಂದಿನ ವಿಲೀನದಲ್ಲಿ ರೈತ ಉತ್ಪಾದಕ ಕಂಪನಿಗಳು, ಬೀಜ ವಿತರಕರ ಸಂಘಗಳು ಮಾಡಬಹುದಾದ ಕೆಲಸವಿದೆ. ಪರಿಶೀಲನೆ ಎರಡನೇ ಹಂತಕ್ಕೆ, ಅಂದರೆ ಆಳದ ತಪಾಸಣೆಗೆ, ಹೋದರೆ ವಿಲೀನದ ವಿವರವನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು ಸ್ಪರ್ಧಾ ಕಾಯ್ದೆಯ 29ನೇ ಕಲಂ ಹೇಳುತ್ತದೆ. ಬೇಯರ್ ಪ್ರಕರಣದ ಕಾಲಕ್ಕೆ ಅದಕ್ಕೆ 15 ಕೆಲಸದ ದಿನಗಳಿದ್ದವು. 2023ರ ತಿದ್ದುಪಡಿ ಜಾರಿಯಾದ ಮೇಲೆ ಇಡೀ ಪರಿಶೀಲನೆಯ ಗಡುವೇ 210ರಿಂದ 150 ದಿನಕ್ಕೆ ಇಳಿದಿರುವುದರಿಂದ ಪ್ರಕಟಣೆ ಬಂದ ಮೇಲೆ ದಾಖಲೆ ಹುಡುಕುತ್ತ ಕೂತರೆ ಹೊತ್ತು ಮೀರುತ್ತದೆ. ‘ವಿಲೀನದಿಂದ ರೈತರಿಗೆ ತೊಂದರೆ’ ಎಂಬ ಸಾಮಾನ್ಯ ಪತ್ರಕ್ಕೆ ತೂಕವಿಲ್ಲ. ಎರಡೂ ಕಂಪನಿಗಳ ಯಾವ ತಳಿಗಳು ಒಂದೇ ಹಂಗಾಮಿನಲ್ಲಿ, ಒಂದೇ ತಾಲ್ಲೂಕಿನಲ್ಲಿ ಪರಸ್ಪರ ಬದಲಿಯಾಗಿ ಮಾರಾಟವಾಗುತ್ತವೆ, ಮೂರು ವರ್ಷಗಳ ಬಿಲ್ಲಿನ ಪ್ರಕಾರ ಪಾಕೀಟಿನ ದರ ಎಷ್ಟು, ಒಂದು ತಳಿಯ ಪೂರೈಕೆ ನಿಂತಾಗ ರೈತರು ಯಾವುದಕ್ಕೆ ಬದಲಾಯಿಸಿದರು ಎಂಬುದನ್ನು ಬರೆಯಬೇಕು. ವಿತರಕರು ರಿಯಾಯಿತಿ ಸುತ್ತೋಲೆಗಳನ್ನು ಲಗತ್ತಿಸಿ, ವ್ಯಾಪಾರದ ಗುಟ್ಟಿನ ಭಾಗವನ್ನು ಗೋಪ್ಯವಾಗಿಡಲು ಕೋರಬಹುದು. ಕೊನೆಗೆ ಬೇಡಿಕೆಯಲ್ಲಿ ಮೂರನ್ನು ಹೆಸರಿಸಿ ಕೇಳಬೇಕು: ಮೂಲ ತಳಿ ಸಾಲುಗಳ ಸಮೇತ ಮಾರಾಟ, ಹೊಸ ಉತ್ಪನ್ನ ಬಿಡುಗಡೆಯಾದ ದಿನದಿಂದ ಎಣಿಸುವ ಅವಧಿ, ವಿತರಕರ ಕರಾರುಗಳನ್ನು ಪ್ರತಿ ವರ್ಷ ತೆರೆದು ನೋಡುವ ಅಧಿಕಾರವುಳ್ಳ ಉಸ್ತುವಾರಿ ಸಂಸ್ಥೆ.