ಇಣಚಿಗೆ ಕವಚ, ಚಕಮಕಿಗೆ ಮಾಯೆ: ನೋಮ್ ವಿಜಾರ್ಡ್ ಕಟ್ಟುವ ಎರಡು ದಾರಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದರೆ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟ. ಅದರಲ್ಲಿ ನೋಮ್ (ಕುಳ್ಳ ಜನಾಂಗ) ವಿಜಾರ್ಡ್ (ಮಂತ್ರವಾದಿ) ಆಡಬೇಕು ಅಂದ ಕೂಡಲೇ ಸಿಗುವ ಸಲಹೆ ಒಂದೇ: ಫಾರೆಸ್ಟ್ ನೋಮ್ ಅನ್ನುವ ಬಗೆ ತಗೋ, ಇಲ್ಯೂಷನ್ ಸ್ಕೂಲ್, ಅಂದರೆ ಮಾಯಾದೃಶ್ಯದ ಮಂತ್ರಶಾಖೆ ಸೇರು. ಆ ಜೋಡಿಯನ್ನು ನಾನೂ ಆಡಿದ್ದೇನೆ, ಚೆನ್ನಾಗಿಯೇ ಇದೆ. ಆದರೆ ಗಂಗಾವತಿಯ ನಮ್ಮ ಟೇಬಲ್‌ನಲ್ಲಿ ಫಾರೆಸ್ಟ್ ನೋಮನ್ನೂ ರಾಕ್ ನೋಮನ್ನೂ ಐದನೇ ಲೆವೆಲ್ ತನಕ ಬೆಳೆಸಿ ನೋಡಿದ ಮೇಲೆ ನಾನು ಹೇಳುವುದು ಬೇರೆ. ಮಾಯಾದೃಶ್ಯ ಹೆಣೆಯುವ ಕೆಲಸ ರಾಕ್ ನೋಮ್‌ಗೆ ಹೆಚ್ಚು ಒಗ್ಗುತ್ತದೆ. ಫಾರೆಸ್ಟ್ ನೋಮ್ ಅಬ್ಜುರೇಷನ್ ಕಡೆ, ಅಂದರೆ ರಕ್ಷಣೆಯ ಮಂತ್ರಗಳ ಸ್ಕೂಲ್ ಕಡೆ ಹೋಗಬೇಕು.

ಹಳೆಯ ಸಲಹೆ ಸುಮ್ಮನೆ ಹುಟ್ಟಿದ್ದಲ್ಲ. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್ ಅನ್ನುವ ನಿಯಮಪುಸ್ತಕದಲ್ಲಿ ನೋಮ್‌ಗೆ ಸಾಮಾನ್ಯ ಮಂತ್ರವಾದಿಯಾಗುವ ಅವಕಾಶವೇ ಇರಲಿಲ್ಲ, ಇಲ್ಯೂಷನಿಸ್ಟ್ ಮಾತ್ರ ಆಗಬಹುದಿತ್ತು. 1989ರ ಎರಡನೇ ಆವೃತ್ತಿಯಲ್ಲೂ ಅದೇ ಕಟ್ಟು. 2000ದಲ್ಲಿ ಮೂರನೇ ಆವೃತ್ತಿ ಬಂದು ಬಾಗಿಲೆಲ್ಲ ತೆರೆಯಿತು. ಅಷ್ಟು ವರ್ಷ ಕೂಡಿ ನಡೆದ ಜೋಡಿ ಆಟಗಾರರ ಬಾಯಲ್ಲಿ ಹಾಗೇ ಉಳಿದುಬಿಟ್ಟಿತು.

ನಾವು ಆಡುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿ, 2014ರ ಪುಸ್ತಕ. ಒಬ್ಬ ಸಿಂಧನೂರಿನಿಂದ ಬಸ್ಸಿಗೆ ಬರುತ್ತಾನೆ, ಇಬ್ಬರ ಮನೆಯಲ್ಲಿ ಗದ್ದೆ ಇರುವುದರಿಂದ ಭತ್ತದ ಕಟಾವು ಶುರುವಾದರೆ ಆಟ ನಿಲ್ಲುತ್ತದೆ. ನಿಯಮಗಳ ಹೆಸರು ಇಂಗ್ಲಿಷಿನವು, ಮಿಕ್ಕ ಮಾತೆಲ್ಲ ನಮ್ಮ ಕಡೆಯ ಕನ್ನಡ. ಕಥೆ ನಡೆಸುವ ಡಿಎಂ (ಡಂಜನ್ ಮಾಸ್ಟರ್) ಅದನ್ನು ಬಂಡೆಗಳ ನಾಡಿನಲ್ಲೇ ಇಟ್ಟಿದ್ದಾಳೆ: ಒಂದು ಹೊಳೆ, ಪಾಳುಬಿದ್ದ ರಾಜಧಾನಿ, ಗುಡ್ಡದ ಮೇಲೆ ಚಪ್ಪಡಿಕಲ್ಲಿನ ಪುಟ್ಟ ಮನೆಗಳು. ಇಲ್ಲಿಯವರಿಗೆ ಅದು ಯಾವ ಗುಡ್ಡ ಅಂತ ಹೇಳಬೇಕಿಲ್ಲ. ಹಿರೇಬೆಣಕಲ್ಲಿನಲ್ಲಿ ಕಬ್ಬಿಣ ಯುಗದ ನೂರಾರು ಕಲ್ಲುಗೋರಿಗಳಿವೆ, ಕೆಲವಕ್ಕೆ ದುಂಡನೆಯ ಕಿಂಡಿಗಳೂ ಇವೆ. ಜನ ಅವನ್ನು ಮೊರೇರ ಮನೆ ಅನ್ನುತ್ತಾರೆ. ಮೊರೇರು ಕುಳ್ಳ ಜನ, ಆದರೆ ಅಂಥ ಚಪ್ಪಡಿಗಳನ್ನು ಎತ್ತಿ ನಿಲ್ಲಿಸುವಷ್ಟು ಗಟ್ಟಿಗರು ಅನ್ನುವ ಮಾತು ಹಿಂದಿನಿಂದ ಇದೆ. ಮೂರು ನಾಲ್ಕು ಅಡಿ ಎತ್ತರದ ನೋಮ್‌ಗಳನ್ನು ಆ ಮನೆಗಳಲ್ಲಿ ಕೂರಿಸಲು ನಮ್ಮ ಡಿಎಂಗೆ ಬೇರೆ ಕಾರಣ ಬೇಕಾಗಲಿಲ್ಲ. ನಾನು ನೋಮ್ ಆರಿಸಿಕೊಂಡದ್ದೂ ಅದಕ್ಕೇ.

ಎರಡು ಬಗೆಯ ನೋಮ್‌ಗೂ ಸಮಾನವಾಗಿ ಸಿಗುವುದೇ ದೊಡ್ಡದು. ಇಂಟೆಲಿಜೆನ್ಸ್ (ಬುದ್ಧಿ) ಅಂಕಕ್ಕೆ 2 ಸೇರುತ್ತದೆ, ವಿಜಾರ್ಡ್‌ಗೆ ಬೇಕಾದದ್ದು ಅದೇ. ಕತ್ತಲಲ್ಲಿ 60 ಅಡಿ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ ನೋಮ್ ಕನ್ನಿಂಗ್: ಮಂತ್ರದ ಎದುರು ಇಂಟೆಲಿಜೆನ್ಸ್, ವಿಸ್ಡಮ್ (ವಿವೇಕ), ಕರಿಸ್ಮಾ (ಸೆಳೆತ) ಸೇವಿಂಗ್ ಥ್ರೋ, ಅಂದರೆ ತಪ್ಪಿಸಿಕೊಳ್ಳಲು ಉರುಳಿಸುವ ದಾಳ, ಬಂದಾಗಲೆಲ್ಲ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು. ವಿಜಾರ್ಡ್‌ಗೆ ಇಂಟೆಲಿಜೆನ್ಸ್ ಮತ್ತು ವಿಸ್ಡಮ್ ಸೇವ್‌ನಲ್ಲಿ ಮೊದಲೇ ಪರಿಣತಿ ಇರುವುದರಿಂದ ಇವೆರಡೂ ಒಂದರ ಮೇಲೊಂದು ಕೂರುತ್ತವೆ. ಹೋಲ್ಡ್ ಪರ್ಸನ್, ಫಿಯರ್ ಥರದ ಸ್ಪೆಲ್‌ಗಳು (ಮಂತ್ರಗಳು) ಬಿದ್ದಾಗ ನಮ್ಮ ಫೈಟರ್ ಕಲ್ಲಾಗಿ ನಿಂತಿದ್ದಾನೆ, ಓಡಿಹೋಗಿದ್ದಾನೆ. ನನ್ನ ನೋಮ್‌ಗಳು ಹೆಚ್ಚಿನ ಸಲ ಸುಮ್ಮನೆ ತಲೆ ಕೊಡವಿಕೊಂಡಿವೆ. ಎದುರಿಗಿರುವ ಕೊರತೆ ನಡಿಗೆ, ಒಂದು ಸರದಿಗೆ 25 ಅಡಿ. ಬಯಲು ಜಾಗದಲ್ಲಿ ಓಡಿಸಿಕೊಂಡು ಬಂದರೆ ಮನುಷ್ಯರಿಗಿಂತ ಐದು ಅಡಿ ಕಡಿಮೆ ಇರುವುದು ಚೆನ್ನಾಗಿ ತಿಳಿಯುತ್ತದೆ.

ಈಗ ವ್ಯತ್ಯಾಸಕ್ಕೆ ಬರೋಣ. ನನ್ನ ಫಾರೆಸ್ಟ್ ನೋಮ್‌ನ ಹೆಸರು ಇಣಚಿ, ರಾಕ್ ನೋಮ್ ಚಕಮಕಿ. ಇಬ್ಬರನ್ನೂ ಗುಣಗಳಿಗೆ ಹಂಚಿಕೊಳ್ಳುವ 27 ಪಾಯಿಂಟ್‌ನಲ್ಲೇ ಕಟ್ಟಿದೆ. ಫಾರೆಸ್ಟ್ ನೋಮ್‌ಗೆ ಡೆಕ್ಸ್ಟೆರಿಟಿ (ಚುರುಕು) 1 ಹೆಚ್ಚು ಸಿಗುವುದರಿಂದ ಇಣಚಿಗೆ ಇಂಟೆಲಿಜೆನ್ಸ್ 17, ಡೆಕ್ಸ್ಟೆರಿಟಿ 16, ಕಾನ್‌ಸ್ಟಿಟ್ಯೂಷನ್ (ಮೈಕಟ್ಟು) 14, ವಿಸ್ಡಮ್ 10. ರಾಕ್ ನೋಮ್‌ಗೆ ಸಿಗುವುದು ಕಾನ್‌ಸ್ಟಿಟ್ಯೂಷನ್. ಚಕಮಕಿಗೆ ಇಂಟೆಲಿಜೆನ್ಸ್ 17, ಡೆಕ್ಸ್ಟೆರಿಟಿ 14, ಕಾನ್‌ಸ್ಟಿಟ್ಯೂಷನ್ 15, ವಿಸ್ಡಮ್ 12. ಬಲ ಮತ್ತು ಕರಿಸ್ಮಾ ಇಬ್ಬರಿಗೂ 8. ಚಕಮಕಿಯ ಕಾನ್‌ಸ್ಟಿಟ್ಯೂಷನ್ ಬೆಸ ಸಂಖ್ಯೆಯಲ್ಲಿ ನಿಂತಿರುವುದನ್ನು ನೆನಪಿಟ್ಟುಕೊಳ್ಳಿ, ನಾಲ್ಕನೇ ಲೆವೆಲ್‌ನಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಮೊದಲು ಇಣಚಿ. ಫಾರೆಸ್ಟ್ ನೋಮ್‌ಗೆ ಮೈನರ್ ಇಲ್ಯೂಷನ್ ಕ್ಯಾಂಟ್ರಿಪ್ (ಎಷ್ಟು ಸಲ ಬೇಕಾದರೂ ಹಾಕಬಹುದಾದ ಪುಟ್ಟ ಮಂತ್ರ) ಹುಟ್ಟಿನಿಂದಲೇ ಬರುತ್ತದೆ. ಒಂದು ಸದ್ದು, ಇಲ್ಲವೇ ಐದಡಿ ಘನದೊಳಗೆ ಹಿಡಿಯುವ ಒಂದು ವಸ್ತುವಿನ ಚಿತ್ರ, ಒಂದು ನಿಮಿಷ ಇರುತ್ತದೆ. ಚಿತ್ರ ಅಲುಗುವುದಿಲ್ಲ. ನೋಡುವವನು ಒಂದು ಆ್ಯಕ್ಷನ್ ಖರ್ಚು ಮಾಡಿ ಇನ್ವೆಸ್ಟಿಗೇಷನ್ (ತಪಾಸಣೆ) ದಾಳ ಉರುಳಿಸಿ ಗೆದ್ದರೆ, ಅಥವಾ ಮುಟ್ಟಿದರೆ, ಗುಟ್ಟು ರಟ್ಟು. ಕಾಗದದ ಮೇಲೆ ಸಣ್ಣದು. ಆದರೆ ಇಣಚಿ ಮೂರಡಿ ಎತ್ತರ, ಐದಡಿಯ ಬಂಡೆಯ ಚಿತ್ರದೊಳಗೆ ನಿಂತೇ ಮರೆಯಾಗುತ್ತಾಳೆ. ಕಣ್ಣು ಹಾಯಿಸಿದಷ್ಟೂ ಬಂಡೆಯೇ ಇರುವ ಸೀಮೆಯಲ್ಲಿ ಇನ್ನೊಂದು ಬಂಡೆ ಕಂಡರೆ ಯಾವ ಕಾವಲುಗಾರ ನಿಂತು ನೋಡುತ್ತಾನೆ? "ಇಲ್ಲಿ ಬಂಡಿ ಎಣಿಸ್ಕೋತ ಕುಂತವ್ರು ಯಾರದಾರ?" ಅಂದು ಡಿಎಂ ದಾಳವನ್ನೇ ಉರುಳಿಸದೆ ಬಿಟ್ಟಳು. ಕಥೆ ನಡೆಯುವ ನೆಲಕ್ಕೆ ಹೊಂದುವ ಚಿತ್ರ ಆರಿಸಿದರೆ ಈ ಕ್ಯಾಂಟ್ರಿಪ್‌ನ ಬೆಲೆ ಹತ್ತು ಪಟ್ಟಾಗುತ್ತದೆ.

ಇನ್ನೊಂದು ವರ ಸಣ್ಣ ಪ್ರಾಣಿಗಳ ಜೊತೆ ಮಾತು. ಸ್ಮಾಲ್ ಅಥವಾ ಅದಕ್ಕಿಂತ ಚಿಕ್ಕ ಗಾತ್ರದ ಪ್ರಾಣಿಗಳಿಗೆ ಸರಳ ವಿಚಾರ ತಿಳಿಸಬಹುದು, ಅವುಗಳಿಂದ ತಿಳಿಯಬಹುದು. ಬಹಳ ಜನ ಇದನ್ನು ಓದಿ ಮರೆತುಬಿಡುತ್ತಾರೆ. ಅಂಜನಾದ್ರಿ ಹತ್ತಿದವರಿಗೆ ಗೊತ್ತು, ಗುಡ್ಡ ಯಾರದ್ದು ಅಂತ. ನಮ್ಮ ಕಥೆಯ ಗುಡ್ಡಗಳಲ್ಲೂ ಮಂಗಗಳೇ ಒಡೆಯರು, ಮತ್ತು ಈ ಆಟದ ನಿಯಮದಲ್ಲಿ ಬಬೂನ್ ಸ್ಮಾಲ್ ಗಾತ್ರದ ಪ್ರಾಣಿ. ಕೆಳಗೆ ಬೆಂಕಿ ಇದೆಯೇ, ಮನುಷ್ಯರು ಮಲಗಿದ್ದಾರೋ ಎದ್ದಿದ್ದಾರೋ, ಇಷ್ಟು ಕೇಳಿದರೆ ಸಾಕು. ಸ್ಲಾಟ್ (ದಿನಕ್ಕೆ ಇಂತಿಷ್ಟೇ ಮಂತ್ರ ಅನ್ನುವ ಲೆಕ್ಕ) ಖರ್ಚಿಲ್ಲ, ಎಷ್ಟು ಸಲ ಬೇಕಾದರೂ ಕೇಳಬಹುದು. ನಮ್ಮ ರೋಗ್ (ಕಳ್ಳಹೆಜ್ಜೆಯ ಪಾತ್ರ) ಮುಂದೆ ಹೋಗಿ ಇಣುಕಿ ಬರುವ ಕೆಲಸ ಅರ್ಧಕ್ಕರ್ಧ ತಪ್ಪಿತು.

ರಾಕ್ ನೋಮ್‌ನ ಟಿಂಕರ್ ಅನ್ನುವ ಕೈಕೆಲಸ ಅಷ್ಟು ಉಪಯೋಗದ್ದಲ್ಲ. ಒಂದು ಗಂಟೆ ಕೂತು, 10 ಚಿನ್ನದ ನಾಣ್ಯದ ಸಾಮಾನು ಹಾಕಿ, ಕೀಲಿ ಕೊಟ್ಟರೆ ಓಡುವ ಗೊಂಬೆ, ಬೆಂಕಿ ಹೊತ್ತಿಸುವ ಪೆಟ್ಟಿಗೆ, ಹಾಡುವ ಪೆಟ್ಟಿಗೆ, ಇವುಗಳಲ್ಲಿ ಒಂದನ್ನು ಮಾಡಬಹುದು. ಒಮ್ಮೆಗೆ ಮೂರು ಇಟ್ಟುಕೊಳ್ಳಬಹುದು. ರಿಪೇರಿ ಮಾಡದಿದ್ದರೆ 24 ಗಂಟೆಗೆ ನಿಲ್ಲುತ್ತದೆ. ಮೊದಲ ಲೆವೆಲ್‌ನಲ್ಲಿ 10 ಚಿನ್ನ ಸಣ್ಣ ಮೊತ್ತವಲ್ಲ, ಫೈಂಡ್ ಫೆಮಿಲಿಯರ್ ಮಾಡಿ ಒಂದು ಗೂಬೆಯನ್ನು ಕರೆಸಲೂ ಅಷ್ಟೇ ಬೇಕು. ಆದರೂ ಚಕಮಕಿಯ ಗೊಂಬೆ ಅಂದರೆ ನಮ್ಮ ಟೇಬಲ್‌ಗೆ ಪ್ರೀತಿ. ನಾನು ಅದನ್ನು ಕಿನ್ನಾಳದ ಗೊಂಬೆಗಳ ಬಣ್ಣದಲ್ಲೇ ವರ್ಣಿಸುತ್ತೇನೆ: ಹಗುರ ಮರದ ಗಿಳಿ, ಹೊಳೆಯುವ ಹಸಿರು, ಕೆಂಪು ಕೊಕ್ಕು. ಸರದಿಗೆ ಐದಡಿ, ದಿಕ್ಕು ಅದರ ಇಷ್ಟ. ಲೆಕ್ಕದಲ್ಲಿ ಫಾರೆಸ್ಟ್ ನೋಮ್ ಗೆದ್ದಿತು, ಅದರಲ್ಲಿ ಎರಡು ಮಾತಿಲ್ಲ. ಪಾತ್ರದ ಜೀವ ನೋಡಿದರೆ ಈ ಗಿಳಿಯನ್ನು ನಾನು ಬಿಟ್ಟುಕೊಡಲಾರೆ.

ಎರಡನೇ ಲೆವೆಲ್‌ನಲ್ಲಿ ಸ್ಕೂಲ್ ಆರಿಸಬೇಕು. ಆಟ ತಿರುಗುವುದೇ ಇಲ್ಲಿ.

ಇಣಚಿಯನ್ನು ನಾನು ಮೊದಲು ಇಲ್ಯೂಷನಿಸ್ಟ್ ಆಗಿಯೇ ಆಡಿದ್ದು. ಇಂಪ್ರೂವ್ಡ್ ಮೈನರ್ ಇಲ್ಯೂಷನ್ ಅನ್ನುವ ಗುಣ ಆ ಕ್ಯಾಂಟ್ರಿಪ್ ಕಲಿಸುತ್ತದೆ. ಮೊದಲೇ ಗೊತ್ತಿದ್ದರೆ ಬೇರೊಂದು ವಿಜಾರ್ಡ್ ಕ್ಯಾಂಟ್ರಿಪ್ ಕೊಡುತ್ತದೆ. ಜೊತೆಗೆ ಸದ್ದು ಮತ್ತು ಚಿತ್ರ ಎರಡನ್ನೂ ಒಟ್ಟಿಗೆ ಮಾಡಬಹುದು. ನಷ್ಟವೇನೂ ಇಲ್ಲ. ಆದರೆ ಇಲ್ಯೂಷನಿಸ್ಟ್‌ನ ಮುಖ್ಯ ಸ್ಪೆಲ್‌ಗಳೆಲ್ಲ ಕಾನ್ಸಂಟ್ರೇಷನ್ (ಮಂತ್ರದ ಮೇಲೆ ಬಿಡದೆ ಮನಸ್ಸಿಡುವುದು) ಮೇಲೆ ನಿಂತಿವೆ: ಸೈಲೆಂಟ್ ಇಮೇಜ್, ಫ್ಯಾಂಟಾಸ್ಮಲ್ ಫೋರ್ಸ್, ಮೇಜರ್ ಇಮೇಜ್, ಹಿಪ್ನಾಟಿಕ್ ಪ್ಯಾಟರ್ನ್. ಪೆಟ್ಟು ಬಿದ್ದಾಗಲೆಲ್ಲ ಕಾನ್‌ಸ್ಟಿಟ್ಯೂಷನ್ ಸೇವ್ ಮಾಡಬೇಕು, ಗುರಿ 10 ಅಥವಾ ಪೆಟ್ಟಿನ ಅರ್ಧ, ಯಾವುದು ಹೆಚ್ಚೋ ಅದು. ಅಂಕ 14 ಆದ್ದರಿಂದ ಇಣಚಿಗೆ ದಾಳದ ಮೇಲೆ ಸೇರುವುದು ಬರೀ +2. 20 ಮುಖದ ದಾಳದಲ್ಲಿ 8 ಅಥವಾ ಮೇಲೆ ಬೀಳಬೇಕು. ಅಂದರೆ ನೂರಕ್ಕೆ 65. ಒಂದು ಸುತ್ತಿನಲ್ಲಿ ಎರಡು ಬಾಣ ನೆಟ್ಟರೆ ಎರಡು ಸಲ ಉರುಳಿಸಬೇಕು, ಆಗ ದೃಶ್ಯ ಉಳಿಯುವ ಸಾಧ್ಯತೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸೊಗಸಾಗಿ ಹೆಣೆದ ದೃಶ್ಯ ನಡು ಯುದ್ಧದಲ್ಲಿ ಹರಿದು ಬೀಳುವುದನ್ನು ಮತ್ತೆ ಮತ್ತೆ ನೋಡಿದೆ.

ಚಕಮಕಿಯನ್ನು ಇಲ್ಯೂಷನ್‌ಗೆ ಹಾಕಿದಾಗ ಚಿತ್ರವೇ ಬದಲಾಯಿತು. ಹುಟ್ಟಿನಿಂದ ಇಲ್ಲದ ಮೈನರ್ ಇಲ್ಯೂಷನ್ ಸ್ಕೂಲಿನಿಂದಲೇ ಬಂತು, ಅದೂ ಸದ್ದು ಚಿತ್ರ ಎರಡೂ ಸೇರಿ. ಬೀಗ ಜಡಿದ ಕಬ್ಬಿಣದ ಪೆಟ್ಟಿಗೆ, ಒಳಗಿನಿಂದ ಯಾರೋ ಬಡಿಯುವ ಸದ್ದು. ಇದೊಂದರಿಂದ ಒಂದು ಇಡೀ ಪಹರೆಯನ್ನು ಕಲ್ಲುಮನೆಯ ಬಾಗಿಲಿನಿಂದ ಆಚೆ ಸೆಳೆದೆವು, ಅವರು ಪೆಟ್ಟಿಗೆ ಮುಟ್ಟುವಷ್ಟರಲ್ಲಿ ಹಿಂದಿನ ಕಿಂಡಿಯಿಂದ ನಾವು ಒಳಗೆ. ನಾಲ್ಕನೇ ಲೆವೆಲ್‌ನಲ್ಲಿ ರೆಸಿಲಿಯೆಂಟ್ ಅನ್ನುವ ಫೀಟ್ (ವಿಶೇಷ ಸಾಮರ್ಥ್ಯ) ತೆಗೆದುಕೊಂಡು ಕಾನ್‌ಸ್ಟಿಟ್ಯೂಷನ್ ಆರಿಸಿದೆ. ಬೆಸ ಸಂಖ್ಯೆ ಈಗ 16 ಆಯಿತು, ಆ ಸೇವ್‌ಗೆ ಪರಿಣತಿಯೂ ಬಂತು. ಐದನೇ ಲೆವೆಲ್‌ಗೆ ಒಟ್ಟು +6: ದಾಳದಲ್ಲಿ 4 ಬಿದ್ದರೂ ಸಾಕು, ನೂರಕ್ಕೆ 85. ಹಿಟ್ ಪಾಯಿಂಟ್ (ತಾಳಬಲ್ಲ ಪೆಟ್ಟಿನ ಲೆಕ್ಕ) 37.

ಬೆಲೆ ತೆತ್ತದ್ದು ಇಂಟೆಲಿಜೆನ್ಸ್‌ನಲ್ಲಿ. ಅದು 17ರಲ್ಲೇ ನಿಂತದ್ದರಿಂದ ಚಕಮಕಿಯ ಸ್ಪೆಲ್ ಡಿಸಿ (ತಪ್ಪಿಸಿಕೊಳ್ಳಲು ಎದುರಾಳಿ ಮುಟ್ಟಬೇಕಾದ ಅಂಕ) 14. ಅದೇ ಲೆವೆಲ್‌ನಲ್ಲಿ ಇಂಟೆಲಿಜೆನ್ಸ್ 19 ಮಾಡಿಕೊಂಡ ಇಣಚಿಗೆ 15. ಮಾಯಾದೃಶ್ಯದ ಮಟ್ಟಿಗೆ ಈ ಒಂದು ಅಂಕ ನನ್ನನ್ನು ಅಷ್ಟಾಗಿ ಕಾಡಲಿಲ್ಲ, ಯಾಕೆಂದರೆ ದೃಶ್ಯ ನಂಬುವಂತಿದ್ದರೆ ಎದುರಾಳಿ ಪರೀಕ್ಷಿಸಲು ಹೋಗುವುದೇ ಇಲ್ಲ. ಹಿಪ್ನಾಟಿಕ್ ಪ್ಯಾಟರ್ನ್ ಹಾಕುವಾಗ ಮಾತ್ರ ಆ ಒಂದು ಅಂಕ ನೆನಪಾಗುತ್ತದೆ.

ಹಾಗಾದರೆ ಇಣಚಿಯ ಗತಿ? ಮುಂದಿನ ಕಥೆಗೆ ಡಿಎಂ ಒಪ್ಪಿಗೆ ಪಡೆದು ಅವಳನ್ನು ಅಬ್ಜುರೇಷನ್‌ಗೆ ಬದಲಿಸಿದೆ, ಮತ್ತು ಈ ಹೋಲಿಕೆಯಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಅದೇ. ಆರ್ಕೇನ್ ವಾರ್ಡ್ ಅನ್ನುವ ಕವಚ ಪೆಟ್ಟನ್ನು ತಾನು ತಿನ್ನುತ್ತದೆ. ಅದರ ಬಲ ವಿಜಾರ್ಡ್ ಲೆವೆಲ್‌ನ ಎರಡರಷ್ಟು, ಮೇಲೆ ಇಂಟೆಲಿಜೆನ್ಸ್‌ನ ಮಾಡಿಫೈಯರ್ (19ಕ್ಕೆ ಸಿಗುವ +4). ಐದನೇ ಲೆವೆಲ್‌ಗೆ 14. ಇಣಚಿಯ ಸ್ವಂತ ಹಿಟ್ ಪಾಯಿಂಟ್ 32, ಒಟ್ಟು 46 ಆದಂತೆ. ಪೆಟ್ಟು ಪೂರ್ತಿ ಕವಚಕ್ಕೇ ಹೋದರೆ ಅವಳಿಗೆ ಏಟೇ ಇಲ್ಲ, ಕಾನ್ಸಂಟ್ರೇಷನ್‌ಗೆ ದಾಳ ಉರುಳಿಸುವ ಪ್ರಶ್ನೆಯೂ ಇಲ್ಲ. ಮೈಯ ಕೊರತೆಯನ್ನು ಸ್ಕೂಲ್ ತುಂಬಿತು. ಮೇಜ್ ಆರ್ಮರ್ ಅಬ್ಜುರೇಷನ್ ಸ್ಪೆಲ್ ಆದ್ದರಿಂದ ಬೆಳಿಗ್ಗೆ ಅದನ್ನು ಹಾಕಿಕೊಂಡಾಗಲೇ ಕವಚವೂ ಏಳುತ್ತದೆ: ಆರ್ಮರ್ ಕ್ಲಾಸ್ (ಹೊಡೆಯುವವನು ಮುಟ್ಟಬೇಕಾದ ಅಂಕ) 16, ಶೀಲ್ಡ್ ಹಾಕಿದರೆ 21, ಆ ಶೀಲ್ಡ್ ಕವಚಕ್ಕೆ 2 ಅಂಕ ತುಂಬುತ್ತದೆ. ಅಲಾರ್ಮ್ ಸ್ಪೆಲ್ಲನ್ನು ರಿಚುಯಲ್ (ನಿಧಾನದ ವಿಧಿ) ಆಗಿ ಮಾಡಿದರೆ 11 ನಿಮಿಷಕ್ಕೊಮ್ಮೆ, ಸ್ಲಾಟ್ ಖರ್ಚಿಲ್ಲದೆ, ಮತ್ತೆ 2. ಪೂರ್ತಿ ಬರಿದಾದ ಕವಚ ತುಂಬಲು ಒಂದೂಕಾಲು ಗಂಟೆಯ ಚೂರು ಮೇಲೆ. ಬಂಡೆಯ ಮರೆ, ಮಂಗಗಳ ಸುದ್ದಿ ಇವೆರಡೂ ಹುಟ್ಟಿನಿಂದ ಬಂದವು, ಅವು ಎಲ್ಲೂ ಹೋಗಲಿಲ್ಲ. ಇಲ್ಯೂಷನ್ ಸ್ಕೂಲ್ ಬಿಟ್ಟ ಮೇಲೂ ಅವಳು ಮಾಯಗಾತಿಯೇ.

ಉಳಿದವನ್ನು ಬೇಗ ಮುಗಿಸುತ್ತೇನೆ. ಡೀಪ್ ನೋಮ್‌ಗೆ ಕತ್ತಲಲ್ಲಿ 120 ಅಡಿ ಕಾಣುತ್ತದೆ, ಕಲ್ಲುನೆಲದಲ್ಲಿ ಅಡಗುವಾಗ ಎರಡು ದಾಳ. ನಮ್ಮ ನಾಡಿಗೆ ಹೇಳಿ ಮಾಡಿಸಿದಂತಿದೆ, ಆದರೆ ಅದು ರೋಗ್‌ನ ಗುಣ. ನಾನು ಆಡಿದ ಒಂದೇ ಕೂತಿನ ಕಥೆಯಲ್ಲಿ ವಿಜಾರ್ಡ್ ಆಗಿ ವಿಶೇಷವೇನೂ ಅನಿಸಲಿಲ್ಲ. ಡಿವಿನೇಷನ್ ಸ್ಕೂಲಿನ ಪೋರ್ಟೆಂಟ್, ಬೆಳಿಗ್ಗೆಯೇ ಎರಡು ದಾಳ ಉರುಳಿಸಿಟ್ಟು ಬೇಕಾದಾಗ ಬಳಸುವುದು, ಯಾವ ನೋಮ್‌ಗೂ ಸರಿ. ನಮ್ಮ ಸಿಂಧನೂರಿನ ಗೆಳೆಯ ಅದನ್ನು ಆಡುವುದನ್ನು ನೋಡಿ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಪುಸ್ತಕ ಕೊಳ್ಳದೆ ಶುರು ಮಾಡುವವರು ಒಂದು ವಿಷಯ ತಿಳಿದಿರಬೇಕು. 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟ ಉಚಿತ ನಿಯಮಾವಳಿಯಲ್ಲಿ ನೋಮ್ ಅಂದರೆ ರಾಕ್ ನೋಮ್ ಒಂದೇ, ವಿಜಾರ್ಡ್ ಸ್ಕೂಲ್ ಅಂದರೆ ಇವೊಕೇಷನ್ (ಬೆಂಕಿ, ಮಿಂಚಿನಂಥ ಮಂತ್ರಗಳದ್ದು) ಒಂದೇ. ಅಷ್ಟರಲ್ಲೇ ಆಡಿದರೂ ಗಟ್ಟಿಮುಟ್ಟಾದ ಪಾತ್ರ ಸಿಗುತ್ತದೆ. 2024ರ ಹೊಸ ಪುಸ್ತಕ ಇಟ್ಟುಕೊಂಡವರಿಗೆ ನನ್ನ ಲೆಕ್ಕ ಅರ್ಧ ಮಾತ್ರ ಹೊಂದುತ್ತದೆ. ಅಲ್ಲಿ ಹೆಚ್ಚುವರಿ ಅಂಕಗಳು ಬ್ಯಾಕ್‌ಗ್ರೌಂಡ್‌ನಿಂದ (ಪಾತ್ರದ ಹಿನ್ನೆಲೆಯಿಂದ) ಬರುತ್ತವೆ, ಹಾಗಾಗಿ ಡೆಕ್ಸ್ಟೆರಿಟಿ ಕಾನ್‌ಸ್ಟಿಟ್ಯೂಷನ್ ಜಗಳವೇ ಇಲ್ಲ. ನಡಿಗೆ 30 ಅಡಿಯಾಗಿದೆ, ಸ್ಕೂಲ್ ಸಿಗುವುದು ಮೂರನೇ ಲೆವೆಲ್‌ಗೆ. ನೋಮ್ ಕನ್ನಿಂಗ್ ಮಂತ್ರಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ, ಇನ್ನೂ ಬಲವಾಗಿದೆ.

2014ರ ನಿಯಮದಲ್ಲಿ ಆಡುವವರಿಗೆ ಮೊದಲ ಲೆವೆಲ್‌ನ ಆರು ಸ್ಪೆಲ್ ಹೀಗೆ. ಇಬ್ಬರಿಗೂ ಮೇಜ್ ಆರ್ಮರ್, ಶೀಲ್ಡ್, ಸ್ಲೀಪ್, ಫೈಂಡ್ ಫೆಮಿಲಿಯರ್. ಫಾರೆಸ್ಟ್ ನೋಮ್ ಆದರೆ ಇವುಗಳ ಜೊತೆ ಅಲಾರ್ಮ್, ಡಿಟೆಕ್ಟ್ ಮ್ಯಾಜಿಕ್. ರಾಕ್ ನೋಮ್ ಆದರೆ ಸೈಲೆಂಟ್ ಇಮೇಜ್, ಡಿಸ್ಗೈಸ್ ಸೆಲ್ಫ್. ಡಿಸ್ಗೈಸ್ ಸೆಲ್ಫ್‌ನಲ್ಲಿ ಎತ್ತರ ಒಂದಡಿ ಮಾತ್ರ ಬದಲಾಗುತ್ತದೆ, ಆದ್ದರಿಂದ ಮನುಷ್ಯರ ಮಗುವಿನ ವೇಷವೇ ಒಳ್ಳೆಯದು. ಸಂತೆಯಲ್ಲಿ ಕಳೆದುಹೋದ ಮಗುವನ್ನು ಯಾರೂ ಹಿಡಿದು ಶೋಧಿಸುವುದಿಲ್ಲ. ಮುಂದೆ ಸಿಕ್ಕ ಸ್ಪೆಲ್‌ಗಳನ್ನು ಪಾತ್ರದ ಮಂತ್ರಪುಸ್ತಕಕ್ಕೆ ಬರೆದುಕೊಳ್ಳಲು ಸ್ಪೆಲ್‌ನ ಒಂದೊಂದು ಲೆವೆಲ್‌ಗೆ 50 ಚಿನ್ನ, ಎರಡು ಗಂಟೆ. ನಿಮ್ಮ ಸ್ಕೂಲಿನದ್ದಾದರೆ ಎರಡೂ ಅರ್ಧ. ಮೊದಲ ಗುಹೆಯಲ್ಲಿ ಸಿಕ್ಕ ಹಣವನ್ನು ಪಾನೀಯಕ್ಕೂ ಪೋಷಾಕಿಗೂ ಕೊಡದೆ ಈ ಖರ್ಚಿಗೆ ತೆಗೆದಿಡಿ.