ಹೆಸರಿಲ್ಲದ ಆರ್ಕೇಡ್ ಬೋರ್ಡಿಗೆ ತಂತಿ ಜೋಡಿಸುವ ದಾರಿಗಳು: ನಾನು ಮಾಡಿ ನೋಡಿದ ಹೋಲಿಕೆ

“ಭಾವ, ಹಳೇ ಗೇಮ್ ಬೋರ್ಡೊಂದು ಸಿಕ್ಕಿದೆ. ನನ್ನ ಕ್ಯಾಬಿನೆಟ್ಟಿನ ಕನೆಕ್ಟರಿಗೆ ಸರಿಯಾಗಿ ಕೂತ್ಕೊಳ್ತು. ಸ್ವಿಚ್ ಹಾಕ್ಲಾ?” ಅಂತ ನ್ಯೂಜೆರ್ಸಿಯಿಂದ ಹೆಂಡತಿಯ ತಮ್ಮ ಫೋನ್ ಮಾಡಿದ. ಮೊದಲು ಪ್ಲಗ್ ಕಿತ್ತು ಬೋರ್ಡನ್ನು ಹೊರಗೆ ತೆಗೆ, ಆಮೇಲೆ ಮಾತಾಡೋಣ ಅಂದೆ. ಕ್ಯಾಬಿನೆಟ್ ಎಂದರೆ ನಾಣ್ಯ ಹಾಕಿ ಆಡುವ ಹಳೇ ವಿಡಿಯೊ ಆಟದ ದೊಡ್ಡ ಪೆಟ್ಟಿಗೆ, ಬೋರ್ಡ್ ಎಂದರೆ ಅದರೊಳಗೆ ಆಟವನ್ನು ನಡೆಸುವ ಸರ್ಕ್ಯೂಟ್ ಹಲಗೆ. ಅವನಿಗೆ ಮೂರು ಭಾನುವಾರ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕೂತ ಮಾತ್ರಕ್ಕೆ ಹೊಂದಿತು ಅಂತಲ್ಲ. 1985ರಲ್ಲಿ ಜಪಾನಿನ ಆಟದ ಯಂತ್ರ ತಯಾರಕರ ಸಂಘ ‘ಜಾಮಾ’ ಹೆಸರಿನ ಒಂದು ಕ್ರಮವನ್ನು ತಂದಿತು. ಬೋರ್ಡಿನ ಅಂಚಿನಲ್ಲಿ ಒಂದು ಮೈಗೆ 28ರಂತೆ 56 ಲೋಹದ ಪಟ್ಟಿಗಳು, ಯಾವುದಕ್ಕೆ ಯಾವ ತಂತಿ ಎಂಬುದು ನಿಗದಿ. ಮೊದಲ ಎರಡು ಜೋಡಿ ಗ್ರೌಂಡ್ (ಸೊನ್ನೆ ವೋಲ್ಟ್), ಮುಂದಿನ ಎರಡು ಜೋಡಿ 5 ವೋಲ್ಟ್, ಐದನೆಯದು ಮೈನಸ್ 5, ಆರನೆಯದು 12 ವೋಲ್ಟ್. ಅದಕ್ಕೂ ಮುಂಚೆ ಒಂದೊಂದು ಕಂಪನಿಗೆ ಒಂದೊಂದು ಕ್ರಮವಿತ್ತು. ತೊಂದರೆ ಏನೆಂದರೆ, ಆ ಹಳೆಯ ಬೋರ್ಡುಗಳಲ್ಲಿ ಅನೇಕದರ ಪಟ್ಟಿಗಳ ನಡುವಿನ ಅಂತರವೂ ಇದೇ 3.96 ಮಿಲಿಮೀಟರ್. ಏಳನೇ ಜಾಗದಲ್ಲಿ ಇರಬೇಕಾದ ಪ್ಲಾಸ್ಟಿಕ್ ತಡೆ ನಿಮ್ಮ ಕನೆಕ್ಟರಿನಲ್ಲಿ ಇಲ್ಲದಿದ್ದರೆ ಬೇರೆ ಕ್ರಮದ ಬೋರ್ಡೂ ಸಲೀಸಾಗಿ ಒಳಗೆ ಹೋಗುತ್ತದೆ. ಆಗ ಜಾಮಾದ 12 ವೋಲ್ಟ್ ಯಾವುದೋ ಗುಂಡಿಯ ಪಟ್ಟಿಗೆ ಬಿದ್ದರೆ ಅದರ ಹಿಂದಿರುವ ಚಿಪ್ ಆ ಕ್ಷಣವೇ ಹೋಯಿತು.

ನಾನಿರುವುದು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ. 1972ರಲ್ಲಿ ಅಟಾರಿ ಕಂಪನಿಯ ಪಾಂಗ್ ಆಟದ ಯಂತ್ರವನ್ನು ಮೊದಲು ಜನರ ಮುಂದಿಟ್ಟು ನೋಡಿದ್ದು ಇದೇ ಊರಿನ ಒಂದು ಪಬ್ಬಿನಲ್ಲಿ. ಈಗಲೂ ಇಲ್ಲಿನ ಗ್ಯಾರೇಜ್ ಮಾರಾಟಗಳಲ್ಲಿ ಅಪರೂಪಕ್ಕೆ ಹಳೇ ಬೋರ್ಡುಗಳು ಸಿಗುತ್ತವೆ. ಹಾಗೆ ಸಿಕ್ಕ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಚೀಟಿಗಳೆಲ್ಲ ಉದುರಿಹೋದ ಮೂರು ಬೋರ್ಡುಗಳಿದ್ದವು. ನನ್ನ ಕ್ಯಾಬಿನೆಟ್ ಯಾರೋ ಎಂದೋ ಜಾಮಾಕ್ಕೆ ಬದಲಾಯಿಸಿದ್ದು. ಮೂರು ಬೋರ್ಡಿಗೆ ಮೂರು ದಾರಿ ಹಿಡಿಯಬೇಕಾಯಿತು.

ಮೊದಲು ಗುರುತು ಹಿಡಿಯುವ ಮಾತು. ಕಣ್ಣಿನಿಂದ ನೋಡುವುದು, ಇಪ್ರಾಮ್ (ಆಟದ ಪ್ರೋಗ್ರಾಂ ತುಂಬಿಟ್ಟ ಮೆಮೊರಿ ಚಿಪ್) ಓದಿಸುವುದು, ಮಲ್ಟಿಮೀಟರ್ ಹಿಡಿದು ದಾರಿ ಹುಡುಕುವುದು, ಹೀಗೆ ಮೂರು ರೀತಿ ಇದೆ. ಮೂರನ್ನೂ ಮಾಡಿದೆ.

ಕಣ್ಣಿಗೆ ಹತ್ತು ನಿಮಿಷ ಸಾಕು. ಒಂದು ಬೋರ್ಡಿನಲ್ಲಿ ಒಂದೇ ಝಡ್80 (ಆಟ ನಡೆಸುವ ಪ್ರೊಸೆಸರ್ ಚಿಪ್), ಪಕ್ಕದಲ್ಲಿ ಚಿಪ್ಪುಗಳಿಗೆ ತಾಳ ಕೊಡುವ 18.432 ಮೆಗಾಹರ್ಟ್ಸ್ ಕ್ರಿಸ್ಟಲ್, ಬೋರ್ಡಿನ ಮೇಲೆ ಕೂತ ಎರಡು ಪುಟ್ಟ ಮರಿ ಬೋರ್ಡುಗಳು. ಪ್ಯಾಕ್‌ಮ್ಯಾನ್ ಎಂದು ಅಲ್ಲೇ ಗೊತ್ತಾಯಿತು. (ಝಡ್80 ಇರಬೇಕಾದ ಸಾಕೆಟ್ಟಿನಿಂದ ಪಟ್ಟಿ ಕೇಬಲ್ ಇನ್ನೊಂದು ಬೋರ್ಡಿಗೆ ಹೋಗಿದ್ದರೆ ಅದು ಮಿಸ್ ಪ್ಯಾಕ್‌ಮ್ಯಾನ್.) ಕ್ರಿಸ್ಟಲ್ ಒಂದನ್ನೇ ನಂಬಬಾರದು, ಗ್ಯಾಲಗಾ ಆಟದ ಬೋರ್ಡಿನಲ್ಲೂ ಇದೇ 18.432 ಇದೆ, ಆದರೆ ಅಲ್ಲಿ ಝಡ್80 ಮೂರು. ಎರಡನೆಯದರಲ್ಲಿ 61.44 ಮೆಗಾಹರ್ಟ್ಸ್ ಕ್ರಿಸ್ಟಲ್, ಧ್ವನಿಗೆ 8035 ಚಿಪ್, ಡಾಂಕಿ ಕಾಂಗ್. ಮೂರನೆಯದು ಮಾತ್ರ ಬಾಯಿ ಬಿಡಲಿಲ್ಲ. ಎರಡು ಝಡ್80, ಎರಡು ಎವೈ-3-8910 ಧ್ವನಿ ಚಿಪ್, ಅಂಚಿನಲ್ಲಿ ಒಂದು ಮೈಗೆ 18 ಪಟ್ಟಿ. ಅಂಥ ಜೋಡಣೆ ಆ ಕಾಲದಲ್ಲಿ ಬಹಳ ಆಟಗಳಲ್ಲಿತ್ತು.

ಅದಕ್ಕೇ ಇಪ್ರಾಮ್ ಓದಿಸಿದೆ. ಚಿಪ್ಪನ್ನು ಮೆಲ್ಲಗೆ ಸಾಕೆಟ್ಟಿನಿಂದ ಎತ್ತಿ, ರೀಡರಿನಲ್ಲಿಟ್ಟು, ಸಿಕ್ಕ ಫೈಲಿನ ಸಿಆರ್‌ಸಿ ಸಂಖ್ಯೆಯನ್ನು (ಫೈಲಿನ ಬೆರಳಚ್ಚಿನಂಥದ್ದು) ಮೇಮ್‌ನ, ಅಂದರೆ ಹಳೇ ಆರ್ಕೇಡ್ ಆಟಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ತಂತ್ರಾಂಶದ, ಪಟ್ಟಿಯ ಜೊತೆ ತಾಳೆ ನೋಡುವುದು. ಕೊನಾಮಿಯವರ 1982ರ ಟೈಮ್ ಪೈಲಟ್ ಎಂದು ಬಂತು. ಹೆಸರಿನ ಮಟ್ಟಿಗೆ ಇದಕ್ಕಿಂತ ಖಚಿತವಾದ ದಾರಿ ಇಲ್ಲ. ಆದರೆ ಒಂದು ಎಚ್ಚರ: ಪ್ಯಾಕ್‌ಮ್ಯಾನ್ ಬೋರ್ಡಿನಲ್ಲಿರುವುದು 2532 ಇಪ್ರಾಮ್. ಅದು 2732 ಎಂಬ ಇನ್ನೊಂದು ಇಪ್ರಾಮಿನಂತೆಯೇ 24 ಕಾಲಿನದ್ದಾದರೂ (ಕಾಲು ಎಂದರೆ ಚಿಪ್ಪಿನ ಪಿನ್) 18, 20, 21ನೇ ಕಾಲುಗಳ ಕೆಲಸ ಬೇರೆ. ಅಗ್ಗದ ರೀಡರುಗಳು ಅದನ್ನು ನೇರ ಓದುವುದಿಲ್ಲ, ನಡುವೆ ಅಡಾಪ್ಟರ್ ಬೇಕು. ಓದಿದ ಮೇಲೆ ಚಿಪ್ಪಿನ ಗಾಜಿನ ಕಿಂಡಿಗೆ ಬೆಳಕು ಬೀಳದಂತೆ ಚೀಟಿ ಅಂಟಿಸಿ. ಇನ್ನೊಂದು ಕೊರತೆ ಎಂದರೆ, ಇಪ್ರಾಮ್ ಆಟದ ಹೆಸರು ಹೇಳುತ್ತದೆಯೇ ಹೊರತು ಬೋರ್ಡಿನ ತಂತಿಯ ಕ್ರಮ ಹೇಳುವುದಿಲ್ಲ. ಅದೇ ಆಟವನ್ನು ಯಾರೋ ನಕಲು ಮಾಡಿದ ಬೋರ್ಡಿನಲ್ಲಿ ಅಂಚಿನ ಕ್ರಮ ಪೂರ್ತಿ ಬೇರೆ ಇರಬಹುದು.

ಹಾಗಾಗಿ ನನ್ನ ಒಲವು ಮೀಟರಿನ ಕಡೆಗೆ. ಹೆಸರು ಗೊತ್ತಿದ್ದರೂ ಸರಿ, ಕಾಗದದಲ್ಲಿ ತಂತಿಯ ಕ್ರಮ ಸಿಕ್ಕಿದ್ದರೂ ಸರಿ, ಮೀಟರ್ ಹಿಡಿಯದೆ ನಾನು ಯಾವ ಬೋರ್ಡಿಗೂ ಕರೆಂಟ್ ಕೊಡುವುದಿಲ್ಲ. ಮೀಟರನ್ನು ಬೀಪ್ ಕೊಡುವ ಸ್ಥಾನಕ್ಕಿಟ್ಟು ಒಂದು ಕಡ್ಡಿಯನ್ನು ಝಡ್80ರ 29ನೇ ಕಾಲಿಗೆ ಹಿಡಿಯಿರಿ, ಅದು ಗ್ರೌಂಡ್. ಇನ್ನೊಂದನ್ನು ಅಂಚಿನ ಪಟ್ಟಿಗಳ ಮೇಲೆ ಒಂದೊಂದಾಗಿ ಇಡುತ್ತಾ ಹೋಗಿ. ಬೀಪ್ ಬಂದವೆಲ್ಲ ಗ್ರೌಂಡ್. ಆಮೇಲೆ 11ನೇ ಕಾಲು ಹಿಡಿದರೆ 5 ವೋಲ್ಟಿನ ಪಟ್ಟಿಗಳು ಸಿಗುತ್ತವೆ. ಶಾಖ ಹೀರುವ ಅಲ್ಯೂಮಿನಿಯಂ ತುಂಡು ಹೊತ್ತ ಚಿಪ್ ಇದ್ದರೆ ಅದು ಸಾಮಾನ್ಯವಾಗಿ ಧ್ವನಿಯ ಆಂಪ್ಲಿಫೈಯರ್. 12 ವೋಲ್ಟ್ ಅಲ್ಲಿಗೇ ಹೋಗಿರುತ್ತದೆ. 4116 ಮೆಮೊರಿ ಚಿಪ್ ಕಂಡರೆ ಮೈನಸ್ 5 ಕೂಡ ಬೇಕೇ ಬೇಕು, ಅದರ ಒಂದನೇ ಕಾಲು ಹಿಡಿದು ಹುಡುಕಿ.

ಚಿತ್ರದ ಮೂರು ಬಣ್ಣಗಳನ್ನು ಕಂಡುಹಿಡಿಯುವುದು ನನಗೆ ಅತಿ ಇಷ್ಟದ ಭಾಗ. ಎರಡು ಮೂರು ರೆಸಿಸ್ಟರುಗಳು ಒಂದೇ ಪಟ್ಟಿಗೆ ಬಂದು ಸೇರಿದ್ದರೆ ಅದು ಒಂದು ಬಣ್ಣ. ಪ್ಯಾಕ್‌ಮ್ಯಾನ್‌ನಲ್ಲಿ ಕೆಂಪಿಗೆ 1000, 470, 220 ಓಮಿನ ಮೂರು, ಹಸಿರಿಗೂ ಮೂರು, ನೀಲಿಗೆ ಮಾತ್ರ 470, 220ರ ಎರಡೇ. ಎರಡೇ ರೆಸಿಸ್ಟರ್ ಇರುವ ಪಟ್ಟಿ ಸಿಕ್ಕರೆ ನೀಲಿ ಗೊತ್ತಾಯಿತು, ಉಳಿದೆರಡನ್ನು ಪರದೆ ನೋಡಿ ಅದಲುಬದಲು ಮಾಡಿಕೊಳ್ಳಬಹುದು. ಗುಂಡಿಗಳ ಪಟ್ಟಿಗಳನ್ನು ಹುಡುಕುವುದು ಸುಲಭ, ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್ 5 ವೋಲ್ಟಿಗೆ ಕಟ್ಟಿರುತ್ತದೆ. ಗುಂಡಿ ಒತ್ತುವುದೆಂದರೆ ಆ ಪಟ್ಟಿಯನ್ನು ಗ್ರೌಂಡಿಗೆ ಮುಟ್ಟಿಸುವುದು. ಪರೀಕ್ಷೆಗೆ ಗ್ರೌಂಡಿನ ತಂತಿಯನ್ನು ಬಿಟ್ಟು ಬೇರೇನನ್ನೂ ಮುಟ್ಟಿಸಬೇಡಿ.

ಸ್ಪೀಕರಿನ ವಿಷಯದಲ್ಲಿ ಇನ್ನೂ ಒಂದು ನಿಮಿಷ ನಿಲ್ಲಿ. ಆಂಪ್ಲಿಫೈಯರಿನಿಂದ ಬಂದ ದಾರಿ ಒಂದು ದೊಡ್ಡ ಕೆಪಾಸಿಟರನ್ನು ದಾಟಿ ಪಟ್ಟಿಗೆ ಬಂದಿದ್ದರೆ ಸ್ಪೀಕರಿನ ಇನ್ನೊಂದು ತುದಿ ಗ್ರೌಂಡಿಗೆ ಹೋಗುತ್ತದೆ. ಕೆಪಾಸಿಟರ್ ಇಲ್ಲದೆ ಎರಡು ತುದಿಯೂ ಚಿಪ್ಪಿಗೇ ಹೋಗಿದ್ದರೆ ಯಾವುದನ್ನೂ ಗ್ರೌಂಡಿಗೆ ಕಟ್ಟಬಾರದು, ಆಂಪ್ಲಿಫೈಯರ್ ಸುಟ್ಟುಹೋಗಬಹುದು.

ಇನ್ನು ಜೋಡಿಸುವ ದಾರಿ. ಸಿದ್ಧ ಅಡಾಪ್ಟರ್ ತರಿಸುವುದು ಮೊದಲನೆಯದು. ಒಂದು ಕಡೆ ಹಳೆಯ ಬೋರ್ಡಿನ ಕನೆಕ್ಟರ್, ಇನ್ನೊಂದು ಕಡೆ ಜಾಮಾ ಅಂಚು. ಟೈಮ್ ಪೈಲಟ್‌ಗೆಂದು ಒಂದನ್ನು ತರಿಸಿದೆ. ಹಾಕಿದ ತಕ್ಷಣ ಚಿತ್ರ ಬಂತು, ಆದರೆ ಹತ್ತು ನಿಮಿಷಕ್ಕೊಮ್ಮೆ ಆಟ ತನ್ನಷ್ಟಕ್ಕೆ ಮೊದಲಿನಿಂದ ಶುರುವಾಗುತ್ತಿತ್ತು. ಝಡ್80ರ 11ನೇ ಕಾಲಿನಲ್ಲಿ ಅಳೆದರೆ 4.62 ವೋಲ್ಟ್. ಈ ಚಿಪ್ಪುಗಳಿಗೆ 4.75ಕ್ಕಿಂತ ಕೆಳಗೆ ಇಳಿಯಬಾರದು. ಅಡಾಪ್ಟರಿನ ತಳ ನೋಡಿದೆ. ನಾಲ್ಕು 5 ವೋಲ್ಟ್ ಪಟ್ಟಿಗಳಲ್ಲಿ ಒಂದಕ್ಕೆ ಮಾತ್ರ ತಂತಿ, ಅದೂ ಗುಂಡಿಗಳಿಗೆ ಹಾಕುವಷ್ಟು ತೆಳ್ಳನೆಯದು. ಪವರ್ ಸಪ್ಲೈ ತಿರುಪನ್ನು ತಿರುಗಿಸಿ ವೋಲ್ಟೇಜ್ ಏರಿಸಿಬಿಡುವ ಆಸೆ ಆಗುತ್ತದೆ, ಏರಿಸಬೇಡಿ. ಆ ತೆಳು ತಂತಿ ಬಿಸಿಯಾಗುತ್ತಲೇ ಇರುತ್ತದೆ, ಮತ್ತು ನಾಳೆ ಇನ್ನೊಂದು ಬೋರ್ಡ್ ಹಾಕಿದಾಗ ಅದಕ್ಕೆ ಐದೂವರೆ ವೋಲ್ಟ್ ಹೋದೀತು.

ಆ ಅಡಾಪ್ಟರನ್ನು ಬದಿಗಿಟ್ಟು ನಾನೇ ಒಂದು ಮಾಡಿದೆ. ಬೇಕಾದದ್ದು ಒಂದು 36 ಸಂಪರ್ಕದ ಎಡ್ಜ್ ಕನೆಕ್ಟರ್, 56 ಪಟ್ಟಿಯ ಖಾಲಿ ಜಾಮಾ ತುಂಡು, ವಿದ್ಯುತ್ತಿಗೆ ದಪ್ಪನೆಯ 18 ಗೇಜಿನ ತಂತಿ, ಉಳಿದದ್ದಕ್ಕೆ ತೆಳ್ಳನೆಯ 22 ಗೇಜ್. ಸಿಕ್ಕ ಎಲ್ಲ ಗ್ರೌಂಡ್ ಪಟ್ಟಿಗೂ ಎಲ್ಲ 5 ವೋಲ್ಟ್ ಪಟ್ಟಿಗೂ ಬೇರೆ ಬೇರೆ ತಂತಿ ಎಳೆದೆ. ಎರಡು ಸಂಜೆ ಹಿಡಿಯಿತು. ಬೆಸುಗೆ ಹಾಕುವಾಗ ಕನೆಕ್ಟರಿನ ಹಿಂಬದಿಯಿಂದ ನೋಡಿದರೆ ಎಡ ಬಲವಾಗುತ್ತದೆ, ಅದಕ್ಕಾಗಿ ಒಂದನೇ ಜಾಗಕ್ಕೆ ಮೊದಲೇ ಉಗುರುಬಣ್ಣದ ಚುಕ್ಕೆ ಇಟ್ಟುಕೊಂಡೆ. ಮುಗಿದ ಮೇಲೆ ಬೋರ್ಡ್ ಹಾಕದೆ ಕರೆಂಟ್ ಕೊಟ್ಟು ಪ್ರತಿ ಜಾಗದ ವೋಲ್ಟೇಜ್ ಅಳೆದೆ. ಆಮೇಲೆ ಬೋರ್ಡ್. ಚಿಪ್ಪಿನಲ್ಲಿ 4.96. ಆವತ್ತು ರಾತ್ರಿ ಎರಡು ಗಂಟೆ ಸತತ ಆಡಿದರೂ ಒಂದು ಸಲವೂ ನಿಲ್ಲಲಿಲ್ಲ. ಕೊನಾಮಿಯವರು ಇದೇ ಕ್ರಮವನ್ನು ಬೇರೆ ಬೋರ್ಡುಗಳಿಗೂ ಬಳಸಿದ್ದಾರೆ, ಹಾಗಾಗಿ ಆ ಎರಡು ಸಂಜೆ ಒಂದೇ ಬೋರ್ಡಿಗೆ ಖರ್ಚಾದದ್ದಲ್ಲ.

ಡಾಂಕಿ ಕಾಂಗ್‌ಗೆ ಮಾತ್ರ ಸಿದ್ಧ ಅಡಾಪ್ಟರೇ ಮೇಲು ಎಂದು ಒಪ್ಪಿಕೊಂಡೆ. ಅದರ ಚಿತ್ರದ ಸಂಕೇತ ಉಲ್ಟಾ. ಬೇರೆ ಬೋರ್ಡು ಬೆಳಕು ಎನ್ನುವಲ್ಲಿ ಇದು ಕತ್ತಲು ಎನ್ನುತ್ತದೆ, ಏಕೆಂದರೆ ನಿಂಟೆಂಡೊ ಬಳಸಿದ ಸ್ಯಾನ್ಯೊ ಮಾನಿಟರಿಗೆ ಹಾಗೆಯೇ ಬೇಕಿತ್ತು. ಧ್ವನಿಯ ಆಂಪ್ಲಿಫೈಯರ್ ಕೂಡ ಇದ್ದದ್ದು ಆ ಮಾನಿಟರಿನ ಒಳಗೇ. ಹಾಗಾಗಿ ಜಾಮಾ ಕ್ಯಾಬಿನೆಟ್ಟಿಗೆ ತರಬೇಕಾದರೆ ಬರೀ ತಂತಿ ಸಾಲದು, ಬಣ್ಣ ತಿರುಗಿಸುವ ಸರ್ಕ್ಯೂಟೂ ಆಂಪ್ಲಿಫೈಯರೂ ಬೇಕು. ಅದನ್ನೆಲ್ಲ ಒಂದೇ ಪುಟ್ಟ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಮಾಡಿ ಮಾರುತ್ತಾರೆ. ತರಿಸಿ, ವಿದ್ಯುತ್ತಿನ ತಂತಿಗಳ ದಪ್ಪ ನೋಡಿ, ಅಳೆದು, ಹಾಕಿದೆ. ಈವರೆಗೆ ತೊಂದರೆ ಇಲ್ಲ.

ಮೂರನೇ ದಾರಿ ಕ್ಯಾಬಿನೆಟ್ಟಿಗೆ ಆ ಬೋರ್ಡಿನದ್ದೇ ಆದ ಇನ್ನೊಂದು ಹಾರ್ನೆಸ್ (ತಂತಿಗಳ ಕಟ್ಟು) ಎಳೆಯುವುದು. ಪ್ಯಾಕ್‌ಮ್ಯಾನ್‌ಗೆ ಹಾಗೆ ಮಾಡಿದೆ. ಅದರ ಬೋರ್ಡಿನಲ್ಲೇ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಎಲ್ಲ ಇವೆ. ಅದು ಕೇಳುವುದು ಟ್ರಾನ್ಸ್‌ಫಾರ್ಮರಿನಿಂದ ಬರುವ ಸುಮಾರು 7 ವೋಲ್ಟಿನ ಎಸಿ. ಜಾಮಾದ 5 ವೋಲ್ಟ್ ಡಿಸಿಯನ್ನು ಅದೇ ಪಟ್ಟಿಗಳಿಗೆ ಕೊಟ್ಟರೆ ದಾರಿಯ ಡಯೋಡುಗಳಲ್ಲೇ ಸೋರಿಹೋಗಿ ಚಿಪ್ಪಿಗೆ ಸಾಲುವುದಿಲ್ಲ. ರೆಗ್ಯುಲೇಟರನ್ನು ತಪ್ಪಿಸಿ ನೇರ 5 ವೋಲ್ಟ್ ಕೊಡುವವರೂ ಇದ್ದಾರೆ. 1980ರಿಂದ ಹಾಗೇ ಉಳಿದುಬಂದ ಬೋರ್ಡಿನ ಮೇಲೆ ಆ ಕೆಲಸ ಮಾಡಲು ನನಗೆ ಮನಸ್ಸಾಗಲಿಲ್ಲ. ಟ್ರಾನ್ಸ್‌ಫಾರ್ಮರ್ ಹೊಂದಿಸಿ, 44 ಸಂಪರ್ಕದ ಕನೆಕ್ಟರಿಗೆ ಬೇರೆ ತಂತಿಗಳ ಕಟ್ಟು ಎಳೆದು, ಗುಂಡಿಗಳ ಹತ್ತಿರ ಬಿಡಿಸಿ ಹಾಕುವಂಥ ಪ್ಲಗ್ ಇಟ್ಟೆ. ಜಾಮಾ ಹಾರ್ನೆಸ್‌ನ ಒಂದು ತಂತಿಯನ್ನೂ ಕತ್ತರಿಸಲಿಲ್ಲ. ಒಂದು ವಾರ ಪೂರ್ತಿ ಬೇಕಾಯಿತು. ಒಂದೇ ಆಟಕ್ಕೆ ಇಷ್ಟು ಶ್ರಮವೇ ಎಂದು ಕೇಳಿದರೆ, ಪ್ಯಾಕ್‌ಮ್ಯಾನ್‌ಗೆ ಹೌದು ಎನ್ನುತ್ತೇನೆ, ಬೇರೆಯದಕ್ಕೆ ಮಾಡಲಾರೆ.

ಭಾವಮೈದುನನ ಬೋರ್ಡಿನಲ್ಲೂ ಒಂದು ಮೈಗೆ 18 ಪಟ್ಟಿಗಳೇ ಇದ್ದವು. ಆದರೂ ನನ್ನ ಅಡಾಪ್ಟರಿನ ನಕ್ಷೆಯನ್ನು ತಕ್ಷಣ ಕಳಿಸಲಿಲ್ಲ. ಮೊದಲು ನೀನೇ ಅಳೆದು ಬರೆ, ಆಮೇಲೆ ತಾಳೆ ನೋಡೋಣ ಅಂದೆ. ಎರಡನೇ ಭಾನುವಾರ ಅವನು ಅಳೆದು ಬರೆದದ್ದು ಬಂತು. ಒಂದು ಗುಂಡಿಯ ಜಾಗ ಬಿಟ್ಟು ಎಲ್ಲ ಸರಿಯಿತ್ತು. ಮೂರನೇ ಭಾನುವಾರ ವಿಡಿಯೊ ಕರೆಯಲ್ಲಿ ಅವನು ಸ್ವಿಚ್ ಹಾಕಿದ, ಬಣ್ಣ ಸರಿಯಾಗಿಯೇ ಬಂತು, ಧ್ವನಿಯೂ ಬಂತು, ಆದರೆ ಚಿತ್ರ ಅಡ್ಡ ಮಲಗಿತ್ತು. ಆಟ ಉದ್ದ ಪರದೆಯದು, ಅವನ ಮಾನಿಟರಿನ ಪಿಕ್ಚರ್ ಟ್ಯೂಬ್ ಅಡ್ಡ ಕೂತಿದೆ. ತಿರುಗಿಸಬೇಕು. ಟ್ಯೂಬಿನಲ್ಲಿ ಉಳಿದಿರುವ ವಿದ್ಯುತ್ತನ್ನು ಖಾಲಿ ಮಾಡುವುದು ಹೇಗೆಂದು ನಾನು ಎದುರು ನಿಂತು ತೋರಿಸುವವರೆಗೆ ಹಿಂಬದಿಯ ಬಾಗಿಲು ತೆಗೆಯಬೇಡ ಎಂದು ಹೇಳಿದ್ದೇನೆ. ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತಿದ್ದೇನೆ.